ಕಂಟ್ರೋಲ್ ಗುರುಗಳು

ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟಿ ಪಾರಾಗಬಹುದು. ಕಂಟ್ರೋಲ್ ಗುರುಗಳು ಲೊಚಗುಟ್ಟಿದರೆ ಅಂಥ ಪರಿಹಾರ ಯಾವುದೂ ಇಲ್ಲ. ನೀವು ಟರ್ಮಿನಲ್‌ನಲ್ಲಿ ಉದ್ದನೆಯ ಕಮ್ಯಾಂಡ್ ಒಂದನ್ನು ಟೈಪ್ ಮಾಡಿದ್ದೀರಿ. ಮೊದಲ ಪದದಲ್ಲೇ ಒಂದಕ್ಷರ ತಪ್ಪಿದೆ. ಎಡಗಡೆಯ ಆ್ಯರೋ ಕೀ ಒತ್ತಿ ಹಿಡಿದು ಕರ್ಸರನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತಿದ್ದೀರಿ. ಅದು ಅರ್ಧ ದಾರಿ ಸವೆಸುವಷ್ಟರಲ್ಲಿ ಬೆನ್ನ ಹಿಂದೆ ‘ಲೊಚ್’. ಆಮೇಲೆ ಫಿಲ್ಟರ್ ಕಾಫಿಯ ವಾಸನೆ. ಅದರ ಹಿಂದೆಯೇ ದನಿ: “ಕಂಟ್ರೋಲ್-ಎ ಅಂತ ಒಂದಿದೆ ಕಣ್ರೀ.”

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇಂಥವರು ಅಪರಿಚಿತರಲ್ಲ. ಮೌಸ್ ಡ್ರಾಯರಿನೊಳಗಿರುತ್ತದೆ, ಬಹುಶಃ ಹಳೆಯ ಬಿಲ್ಲುಗಳ ಕೆಳಗೆ. ಕೀಬೋರ್ಡಿನ ಮೇಲೆ ಅಕ್ಷರಗಳೇ ಇರುವುದಿಲ್ಲ. ನೋಡಿ ಟೈಪ್ ಮಾಡುವವರು ದೂರವಿರಲಿ ಎಂದೇ ಆ ಬೋಳು ಕೀಗಳು. ಅವುಗಳ ಖಟಖಟಕ್ಕೆ ಪಕ್ಕದ ಸಾಲಿನವರು ಹೆಡ್‌ಫೋನ್ ಕೊಂಡಿದ್ದಾರೆ. ಕ್ಯಾಪ್ಸ್ ಲಾಕ್ ಒತ್ತಿದರೆ ಕಂಟ್ರೋಲ್ ಆಗುವಂತೆ ಬದಲಿಸಿಕೊಂಡಿರುವುದರಿಂದ ಅವರ ಕಂಪ್ಯೂಟರಿನಲ್ಲಿ ಕೂತವರಿಗೆ ಸ್ವಂತ ಹೆಸರು ಬರೆಯುವುದೂ ಕಷ್ಟ. ಯಾಕೆ ಹೀಗೆ ಎಂದು ಕೇಳಿದಿರೋ, ಕಾಫಿ ಆರಿತು. ಎಪ್ಪತ್ತರ ದಶಕದಲ್ಲಿ ಎಡಿಎಂ-3ಎ ಎಂಬ ಟರ್ಮಿನಲ್ ಇತ್ತು, ಬರ್ಕ್ಲಿಯಲ್ಲಿ ಬಿಲ್ ಜಾಯ್ ‘ವಿಐ’ ಎಡಿಟರ್ ಬರೆದದ್ದು ಅದರ ಮುಂದೆ ಕೂತು. ಕಂಟ್ರೋಲ್ ಕೀ ಅದರಲ್ಲಿ ಇವತ್ತಿನ ಕ್ಯಾಪ್ಸ್ ಲಾಕ್ ಜಾಗದಲ್ಲೇ ಇತ್ತು. ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣದ ಗುರುತುಗಳಿದ್ದವು. ‘ಹೋಮ್’ ಮತ್ತು ಟಿಲ್ಡೆ ಒಂದೇ ಕೀಯಲ್ಲಿದ್ದವು, ಅದಕ್ಕೇ ಇವತ್ತಿಗೂ ಟಿಲ್ಡೆ ಹೊಡೆದರೆ ಹೋಮ್ ಡೈರೆಕ್ಟರಿ. ಇದೆಲ್ಲ ನಿಜ. ನಿಜವಾಗಿರುವುದೇ ತೊಂದರೆ, ಸುಳ್ಳಾಗಿದ್ದರೆ ಅರ್ಧಕ್ಕೆ ಎದ್ದು ಹೋಗಬಹುದಿತ್ತು.

ವಿಐ ಭಕ್ತರಾದ ಗುರುಗಳು ಟರ್ಮಿನಲ್ಲಿನ ಕಮ್ಯಾಂಡ್‌ಗಳನ್ನು ನಡೆಸುವ ಬ್ಯಾಶ್‌ನಲ್ಲಿ ಮಾತ್ರ ಒತ್ತುವುದು ಎದುರು ಪಕ್ಷದ ಎಡಿಟರಾದ ಇಮ್ಯಾಕ್ಸ್‌ನ ಕೀಗಳನ್ನು. 1989ರಲ್ಲಿ ಬ್ರಯಾನ್ ಫಾಕ್ಸ್ ಹೊರತಂದ ಬ್ಯಾಶ್‌ನಲ್ಲಿ ಸಾಲು ತಿದ್ದುವ ವ್ಯವಸ್ಥೆ ಇಮ್ಯಾಕ್ಸ್ ಮನೆತನದ್ದು. ಬೇಕೆಂದರೆ ಒಂದೇ ಒಂದು ಕಮ್ಯಾಂಡಿನಲ್ಲಿ ಅದನ್ನು ವಿಐ ಕಡೆಗೆ ತಿರುಗಿಸಬಹುದಲ್ಲ ಗುರುಗಳೇ ಎಂದರೆ, “ಮನೆದೇವರು ಬೇರೆ, ಇಷ್ಟದೇವರು ಬೇರೆ” ಎಂದುಬಿಟ್ಟರು.

ಇಷ್ಟನ್ನು ಸಹಿಸಬಹುದು. ಆ ರಾತ್ರಿಯದನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.

ಹನ್ನೊಂದರ ಹೊತ್ತು. ಸರ್ವರಿನ ಡಿಸ್ಕ್ ತುಂಬಿ ಒಬ್ಬ ಗ್ರಾಹಕರ ಬಿಲ್ಲಿಂಗ್ ನಿಂತುಹೋಗಿತ್ತು. ನನ್ನ ಕಿವಿಯಲ್ಲಿ ಇಯರ್‌ಫೋನ್, ಅದರೊಳಗೆ ಗ್ರಾಹಕರ ಕಡೆಯ ಒಬ್ಬ ನಿಮಿಷಕ್ಕೊಮ್ಮೆ “ಎನಿ ಅಪ್‌ಡೇಟ್?” ಎನ್ನುತ್ತಿದ್ದ. ಹಳೆಯ ಲಾಗ್‌ಗಳನ್ನು ಒರೆಸಲು ಹಿಂದೊಮ್ಮೆ ಬಳಸಿದ್ದ ಕಮ್ಯಾಂಡ್ ಬೇಕಿತ್ತು. ಮೇಲಿನ ಆ್ಯರೋ ಒತ್ತುತ್ತ ಒಂದೊಂದೇ ಹಳೆಯ ಸಾಲನ್ನು ನೋಡಿಕೊಂಡು ಹೋಗುತ್ತಿದ್ದೆ.

ಲೊಚ್.

“ಕಂಟ್ರೋಲ್-ಆರ್ ಒತ್ತಿ. ಅದರಲ್ಲಿದ್ದ ಒಂದು ಪದ ಹೊಡೀರಿ.” ಹೊಡೆದೆ. ಕಮ್ಯಾಂಡ್ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು. ಅಲ್ಲಿಗೆ ಎಂಟರ್ ಒತ್ತಿ ಮನೆಗೆ ಹೋಗಬೇಕಿತ್ತು. ಗುರುಗಳು ಕೈ ಅಡ್ಡ ಹಿಡಿದರು. “ತಡೀರಿ. ಇನ್ನೊಂದು ಸಲ ಕಂಟ್ರೋಲ್-ಆರ್ ಒತ್ತಿದರೆ ಅದಕ್ಕೂ ಹಿಂದಿನದು ಬರುತ್ತೆ. ನೋಡಿ.” ನೋಡಿದೆ. “ಯಾವುದೂ ಬೇಡ ಅಂದರೆ ಕಂಟ್ರೋಲ್-ಜಿ. ಒತ್ತಿ.” ಒತ್ತಿದೆ. ಸಿಕ್ಕಿದ್ದೆಲ್ಲ ಮಾಯವಾಗಿ ಖಾಲಿ ಸಾಲು ಉಳಿಯಿತು. “ಈಗ ಮೊದಲಿಂದ ಹುಡುಕಿ, ಕೈಗೆ ಅಭ್ಯಾಸ ಆಗಲಿ.”

“ಎನಿ ಅಪ್‌ಡೇಟ್?”

ಮತ್ತೆ ಹುಡುಕಿದೆ. ಅದರ ಕೊನೆಗಿದ್ದ ಫೋಲ್ಡರಿನ ಹೆಸರು ಬದಲಿಸಬೇಕಿತ್ತು, ಬ್ಯಾಕ್‌ಸ್ಪೇಸ್ ಕಡೆ ಬೆರಳು ಹೋಯಿತು. ಲೊಚ್. “ಕಂಟ್ರೋಲ್-ಡಬ್ಲ್ಯೂ, ಒಂದು ಪದ ಹಾಗೇ ಹೋಗುತ್ತೆ. ಕಂಟ್ರೋಲ್-ಯು ಒತ್ತಿದರೆ ಕರ್ಸರಿನ ಹಿಂದಿರೋದೆಲ್ಲ ಹೋಗುತ್ತೆ. ಹೋಗುತ್ತೆ ಅಂದರೆ ಸತ್ತಿಲ್ಲ! ನೀವು ಬೇರೆ ಕೆಲಸ ಮುಗಿಸಿ ಬನ್ನಿ, ಕಂಟ್ರೋಲ್-ವೈ ಒತ್ತಿ, ಅದೇ ಸಾಲು ವಾಪಸ್.” ಹೇಳುತ್ತಾ ತಾವೇ ಬಗ್ಗಿ ಒತ್ತಿ ತೋರಿಸಿದರು. ಸಾಲು ಹೋಯಿತು, ಬಂತು, ಹೋಯಿತು, ಬಂತು. ಗ್ರಾಹಕರ ಬಿಲ್ಲಿಂಗ್ ಬಂದಿರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಇಯರ್‌ಫೋನಿನ ಮನುಷ್ಯ ಸಿಡಿಯುವುದನ್ನೇ ಕಾಯುತ್ತಿದ್ದೆ. ಅವನಾದರೂ ಗದರಿದರೆ ಇವರು ಸುಮ್ಮನಾದಾರು ಎಂಬ ಆಸೆ. ಅವನು ಗಂಟಲು ಸರಿಮಾಡಿಕೊಂಡ. “ಎಕ್ಸ್‌ಕ್ಯೂಸ್ ಮಿ, ಆ ಕಂಟ್ರೋಲ್-ವೈ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳ್ತಾರಾ?”

ಅವನೂ ಕನ್ನಡದವನೇ ಎಂದು ಗೊತ್ತಾದದ್ದು ಆಗಲೇ. ಗುರುಗಳು ನನ್ನ ಇಯರ್‌ಫೋನಿನ ಒಂದು ತುದಿಯನ್ನು ಕಿತ್ತು ತಮ್ಮ ಕಿವಿಗೆ ಸಿಕ್ಕಿಸಿಕೊಂಡರು.

ಹಾಗಂತ ಅವರ ವಿದ್ಯೆ ಎಲ್ಲ ಕಡೆ ನಡೆಯುವುದಿಲ್ಲ. ಬ್ರೌಸರಿನೊಳಗೇ ಟರ್ಮಿನಲ್ ತೆರೆದುಕೊಳ್ಳುವ ಕಾಲ ಬಂದಾಗ ಅವರು ಎಂದಿನಂತೆ ಒಂದು ಪದ ಅಳಿಸಲು ಕಂಟ್ರೋಲ್-ಡಬ್ಲ್ಯೂ ಒತ್ತಿದರು. ಪದದ ಜೊತೆ ಟ್ಯಾಬ್ ಕೂಡ ಮುಚ್ಚಿಹೋಯಿತು. ತೆರೆದರು, ಒತ್ತಿದರು, ಮುಚ್ಚಿತು. “ಈ ಬ್ರೌಸರ್ ಮಾಡಿದವರಿಗೆ ಸಂಸ್ಕಾರ ಇಲ್ಲ” ಎಂದು ಎದ್ದು ಹೋದರು. ಟರ್ಮಿನಲ್‌ನಲ್ಲಿ ಕನ್ನಡ ಬರೆಯಲು ಹೊರಟ ದಿನವೂ ಹೀಗೇ ಆಯಿತು. ಅಕ್ಷರಕ್ಕೆ ಇಂತಿಷ್ಟೇ ಅಗಲ ಎಂದು ಅಳೆದಿಟ್ಟ ಆ ಚೌಕಗಳಲ್ಲಿ ನಮ್ಮ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು, ಕರ್ಸರ್ ಎಲ್ಲಿದೆ ಎನ್ನುವುದು ಕರ್ಸರಿಗೂ ತಿಳಿಯದಾಯಿತು. ಅದಕ್ಕೊಂದು ಶಾರ್ಟ್‌ಕಟ್ ಇಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆದರೆ ನಮ್ಮ ಮ್ಯಾನೇಜರರ ಪರದೆ ನಿಂತುಹೋದ ದಿನ ನೋಡಬೇಕಿತ್ತು ಅವರನ್ನು. ಏನು ಒತ್ತಿದರೂ ಅಕ್ಷರ ಮೂಡುತ್ತಿಲ್ಲ. ನೆಟ್‌ವರ್ಕಿನವರು ಬಂದರು, ಕೇಬಲ್ ಕಿತ್ತು ಹಾಕಿದರು, ಒಬ್ಬ ರೀಸ್ಟಾರ್ಟ್ ಮಾಡೋಣ ಎಂದು ಕೈ ಚಾಚಿಯೂ ಆಗಿತ್ತು. ಗುರುಗಳು ಜನರ ಸಂದಿಯಿಂದ ಕೈ ತೂರಿಸಿ ಕಂಟ್ರೋಲ್-ಕ್ಯೂ ಒತ್ತಿದರು. ತಡೆದಿಟ್ಟ ಅಕ್ಷರಗಳೆಲ್ಲ ದಬದಬನೆ ಬಂದವು. ವರ್ಡ್‌ನ ಚಾಳಿಯಲ್ಲಿ ಫೈಲ್ ಸೇವ್ ಮಾಡುತ್ತೇನೆಂದು ಮ್ಯಾನೇಜರ್ ಕಂಟ್ರೋಲ್-ಎಸ್ ಒತ್ತಿದ್ದರು. ಟರ್ಮಿನಲ್ಲಿಗೆ ಅದು ‘ನಿಲ್ಲು’ ಎಂಬ ಅಪ್ಪಣೆ. ಕಾಗದದ ಮೇಲೆ ಅಚ್ಚೊತ್ತುತ್ತಿದ್ದ ಟೆಲಿಟೈಪ್ ಯಂತ್ರಗಳ ಕಾಲದ್ದು. 1963ರಲ್ಲಿ ಬಂದ ಮಾಡೆಲ್ 33ರಲ್ಲಿ ಪೇಪರ್ ಟೇಪನ್ನು ನಿಲ್ಲಿಸಲು, ಮತ್ತೆ ಓಡಿಸಲು ಇದ್ದ ಸಂಕೇತಗಳೇ ಇವು. ಆ ಯಂತ್ರಗಳು ಮೂಲೆ ಸೇರಿದರೂ ಆಜ್ಞೆ ಮಾತ್ರ ಜಾರಿಯಲ್ಲಿದೆ. ಮೊದಲ ಬಾರಿಗೆ ಈ ಪುರಾಣವನ್ನು ಹನ್ನೆರಡು ಜನ ನಿಂತು ಪೂರ್ತಿ ಕೇಳಿದರು. ಗುರುಗಳ ಮುಖ ನೋಡಿ, ಇಷ್ಟು ವರ್ಷ ಇವರು ಸಮಯ ಉಳಿಸುವ ಉಪಾಯ ಹೇಳುತ್ತಿದ್ದರೆಂದು ನಂಬಿದ್ದೆನಲ್ಲ ಎನಿಸಿತು. ಉಳಿಸಿದ ಸಮಯವನ್ನೆಲ್ಲ ಅವರು ನಮ್ಮ ಕುರ್ಚಿಗಳ ಹಿಂದೆ ನಿಂತೇ ಖರ್ಚು ಮಾಡಿದ್ದರು.

ನನ್ನ ಕೈಯೂ ಈಗ ಕೆಟ್ಟಿದೆ. ವರ್ಡ್‌ನಲ್ಲಿ ಸಾಲಿನ ಮೊದಲಿಗೆ ಹೋಗಲು ಕಂಟ್ರೋಲ್-ಎ ಒತ್ತುತ್ತೇನೆ, ಇಡೀ ಲೇಖನ ಕಪ್ಪಿಟ್ಟು ನಿಲ್ಲುತ್ತದೆ. ಹೊಸ ಹುಡುಗರು ಬಸ್ಸಿನಿಂದ ಇಳಿದವರಂತೆ ಬಂದು ಕೂತು ಆ್ಯರೋ ಕೀ ಒತ್ತಿದರೆ ನನ್ನ ನಾಲಿಗೆಯೂ ಅಂಗುಳಕ್ಕೆ ತಾಗುತ್ತದೆ.

ಆದರೆ ಅವರೀಗ ಆ್ಯರೋ ಒತ್ತುವುದೂ ಅಪರೂಪ. ಹೋದ ತಿಂಗಳು ಸೇರಿದ ಹುಡುಗಿ ಟರ್ಮಿನಲ್‌ನಲ್ಲೇ ಎಐ ಸಹಾಯಕನನ್ನು ಕೂರಿಸಿಕೊಂಡಿದ್ದಾಳೆ. ‘ಹಳೆಯ ಲಾಗ್ ತೆಗೆ’ ಎಂದು ಆಡುಮಾತಿನಲ್ಲಿ ಬರೆಯುತ್ತಾಳೆ, ಕಮ್ಯಾಂಡ್ ಸಿದ್ಧವಾಗಿ ಬರುತ್ತದೆ, ಎಂಟರ್ ಒತ್ತುತ್ತಾಳೆ. ಗುರುಗಳು ಲೋಟ ಹಿಡಿದು ಅವಳ ಬೆನ್ನ ಹಿಂದೆ ಬಹಳ ಹೊತ್ತು ನಿಂತರು. ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಕಾಫಿ ಮುಗಿಯಿತು. ಅವರು ಹೊರಟುಹೋಗುತ್ತಾರೆ ಎಂದುಕೊಂಡೆ, ಯಾಕೋ ಹೋಗದಿರಲಿ ಎಂದೂ ಅನಿಸಿತು.

“ಏನಮ್ಮಾ, ಒಂದು ನಿಮಿಷ ಏಳ್ತೀಯಾ?” ಎಂದರು. ಕೂತು ಆ ಎಐ ಸಹಾಯಕನ ಪ್ರಶ್ನೆಯ ಜಾಗದಲ್ಲಿ ಬಾಯಿಗೆ ಬಂದದ್ದು ಟೈಪ್ ಮಾಡಿ ಕಂಟ್ರೋಲ್-ಎ ಒತ್ತಿದರು. ಕರ್ಸರ್ ಮೊದಲಿಗೆ ಹಾರಿತು. ಕಂಟ್ರೋಲ್-ಇ, ಕೊನೆಗೆ ಹಾರಿತು. ಕಂಟ್ರೋಲ್-ಡಬ್ಲ್ಯೂ, ಒಂದೇ ಪದ ಹೋಯಿತು, ಏನೂ ಮುಚ್ಚಲಿಲ್ಲ. “ಪರವಾಗಿಲ್ವೇ, ಮನೆತನದ್ದೇ!” ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹುಡುಗಿ ಊಟಕ್ಕೆ ಹೋಗಿ, ಹೊರಗೆ ಒಂದು ಸುತ್ತು ನಡೆದು ಬಂದರೂ ಆಲ್ಟ್-ಚುಕ್ಕೆ ಎಂಬ ಇನ್ನೊಂದು ಶಾರ್ಟ್‌ಕಟ್ಟಿನ ಪರೀಕ್ಷೆ ಇನ್ನೂ ನಡೆದೇ ಇತ್ತು.