ಮುಕ್ಕಣ್ಣನಿಗೆ ಅರ್ಧ ಅಂಕ

ಅಜ್ಜಂಪುರದಲ್ಲಿ ಈರುಳ್ಳಿ ಕೀಳುವ ಕಾಲಕ್ಕೂ ಅರ್ಧವಾರ್ಷಿಕ ಪರೀಕ್ಷೆಗೂ ಗಂಟುಬಿದ್ದಿದೆ. ಆ ವರ್ಷ ನನಗೆ ಮಂಗನಬಾವೂ ಜೊತೆಯಾಯಿತು. ಎರಡು ವಾರ ಕೆನ್ನೆಗೆ ಬಟ್ಟೆ ಸುತ್ತಿಕೊಂಡು ಮನೆಯಲ್ಲಿ ಕೂತೆ. ಎಂಟನೇ ತರಗತಿಯ ಕನ್ನಡ ಮೇಷ್ಟ್ರು ಸಮಾಸ ಮುಗಿಸಿದ್ದು ಅದೇ ಎರಡು ವಾರದಲ್ಲಿ. ನೆಪ ಅನ್ನುವವರು ಅನ್ನಲಿ.

ಪ್ರಶ್ನೆ ಹೀಗಿತ್ತು: ‘ಕೆಳಗಿನ ಪದಗಳನ್ನು ವಿಗ್ರಹಿಸಿ: ಮುಕ್ಕಣ್ಣ, ಚಕ್ರಪಾಣಿ, ಹೆಜ್ಜೇನು, ಕೈಮುಗಿ.’ ನಾಲ್ಕು ಅಂಕ.

ವಿಗ್ರಹ ಗೊತ್ತು, ಗುಡಿಯಲ್ಲಿರುತ್ತದೆ. ವಿಗ್ರಹಿಸುವುದು ಹೇಗೆ? ಪಕ್ಕದ ಬೆಂಚಿನ ಗೆಳತಿಯ ಕಡೆ ಕತ್ತು ಹೊರಳಿಸಿದೆ. ಕ್ಲಾಸಿಗೇ ಮೊದಲಿಗಳು. ತುಟಿ ಅಲುಗದ ಹಾಗೆ “ಬಿಡ್ಸೇ” ಅಂದಳು. ನಾನು ಹುಬ್ಬೇರಿಸಿದೆ. “ಅಯ್ಯೋ, ಸುಮ್ನೆ ಬಿಡ್ಸೇ!”

ಸಂಶಯ ಹರಿಯಿತು. ಚಿತ್ರ ಬಿಡಿಸಬೇಕು.

ಹಿಂದಿನ ವರ್ಷವಷ್ಟೇ, ತರೀಕೆರೆ ಏರಿಯ ಕುರಿಮರಿಗಳ ಮೇಲೆ ನಾಲಿಗೆ ಹೊರಳಿಸುವ ಆಟ ಆಡುತ್ತಾ ಬಸ್ಸಿನಲ್ಲಿ ಅಮೃತಾಪುರಕ್ಕೆ ಪ್ರವಾಸ ಹೋಗಿದ್ದೆವು. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರನ ಗುಡಿ. ಶಿಲ್ಪಿ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಅಲ್ಲಿಯೇ ಎನ್ನುತ್ತಾರೆ. ನಾನೂ ಅಲ್ಲಿಂದಲೇ ಶುರುಮಾಡಿದೆ. ಆದರೆ ಗರ್ಭಗುಡಿಯಲ್ಲಿ ಇದ್ದದ್ದು ಲಿಂಗ. ಲಿಂಗಕ್ಕೆ ಮೂರು ಕಣ್ಣು ಎಲ್ಲಿ ಕೂರಿಸುವುದು? ಹಾಗಾಗಿ ಗುಡಿ ಅಮೃತಾಪುರದ್ದು, ಶಿವ ನಮ್ಮನೆ ಕ್ಯಾಲೆಂಡರಿನವನು. ಹಣೆಗಣ್ಣು ತೆರೆದರೆ ಉತ್ತರಪತ್ರಿಕೆ ಸುಟ್ಟೀತೆಂದು ಮುಚ್ಚಿಸಿದೆ. ಮುಚ್ಚಿದ ಕಣ್ಣು ಹೊಲಿಗೆ ಹಾಕಿದ ಗಾಯದಂತೆ ಕಂಡಿತು. ಮೇಷ್ಟ್ರಿಗೆ ತಿಳಿಯಲೆಂದು ವಿಜ್ಞಾನದ ರೂಢಿಯಂತೆ ಸ್ಕೇಲಿಟ್ಟು ಗೆರೆ ಎಳೆದು, ತುದಿಯಲ್ಲಿ ‘ಮೂರು ಕಣ್ಣು ಉಳ್ಳವನು’ ಎಂದು ಬರೆದೆ.

ಚಕ್ರಪಾಣಿಗೆ ಕೈವಾರವೇ ಬೇಕಾಯಿತು. ಚಕ್ರ ಚೆನ್ನಾಗಿಯೇ ಬಂತು, ಪಾಣಿ ಮಾತ್ರ ಚಿಕ್ಕದಾಯಿತು. ಗಾಡಿಯ ಗಾಲಿಯನ್ನು ಪಟ್ಟಾ ಹಾಕಿಸಲು ಹೊತ್ತು ಹೊರಟವನಂತೆ ಮಹಾವಿಷ್ಣು ನಿಂತ. ಹೆಜ್ಜೇನಿಗೆ ವಿಗ್ರಹ ಎಲ್ಲೂ ನೋಡಿರಲಿಲ್ಲ. ಪೆನ್ಸಿಲ್ ಕಚ್ಚಿ ಯೋಚಿಸಿ ಗೂಡನ್ನು ಗೋಪುರಕ್ಕೇ ಕಟ್ಟಿಸಿ, ಹುಳುಗಳನ್ನು ಒಂದೊಂದೇ ಚುಕ್ಕೆಯಿಟ್ಟು ಹಾರಿಸಿದೆ. ಉಳಿದದ್ದು ಕೈಮುಗಿ. ಇಷ್ಟು ದೇವರು ಕೂತಮೇಲೆ ಯಾರಾದರೂ ಕೈಮುಗಿಯಲೇಬೇಕಲ್ಲ! ಎರಡು ಜಡೆಯ ನನ್ನನ್ನೇ ನಿಲ್ಲಿಸಿದೆ. ರಿಬ್ಬನ್ನಿಗೆ ಮಡಿಕೆ ಹಾಕುತ್ತಿದ್ದಾಗ ಬೆಲ್ ಹೊಡೆಯಿತು. ಪ್ರಬಂಧ ಮುಟ್ಟಿರಲಿಲ್ಲ.

ಪೇಪರು ಕೊಡುವ ದಿನ ಮೇಷ್ಟ್ರು ನನ್ನದನ್ನು ಎತ್ತಿ ಹಿಡಿದು, “ಏನಮ್ಮಾ, ಪ್ರಾಣಪ್ರತಿಷ್ಠೆ ಯಾವತ್ತು?” ಅಂದರು. ಆದರೂ ಅರ್ಧ ಅಂಕ ಕೊಟ್ಟಿದ್ದರು. ಗೆರೆಯ ತುದಿಯಲ್ಲಿ ಬರೆದದ್ದೇ ವಿಗ್ರಹವಾಕ್ಯವಂತೆ! ನಾನರಿಯದೆ ಬಹುವ್ರೀಹಿಯನ್ನು ಬಿಡಿಸಿಬಿಟ್ಟಿದ್ದೆ.

ಅಮೃತಾಪುರದ ಶಾಸನ ಬರೆದವನು ಕವಿ ಜನ್ನ ಎಂಬುದು ಗೊತ್ತಾದದ್ದು ಕಾಲೇಜಿಗೆ ಹೋದಮೇಲೆ. ಸಮಾಸಕ್ಕೆಂದೇ ಒಂದು ಪ್ರಕರಣವಿಟ್ಟು ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನಿಗೆ ಈ ಜನ್ನ ಸೋದರಮಾವ. ಮಾವನ ಶಾಸನವಿರುವ ಗುಡಿಯನ್ನು ಎತ್ತಿ ತಂದು ಅಳಿಯನ ವ್ಯಾಕರಣದ ಮೇಲೆ ಕಟ್ಟಿದವಳು ನಾನೊಬ್ಬಳೇ ಇರಬೇಕು.

ತಪ್ಪೆಲ್ಲ ನನ್ನದೇ ಎಂದು ಈಗಲೂ ಒಪ್ಪಲಾರೆ. ಗಣಿತದವರು ಸಮೀಕರಣ ಬಿಡಿಸಿ ಎನ್ನುತ್ತಾರೆ, ಡ್ರಾಯಿಂಗಿನವರು ಹೂಕುಂಡ ಬಿಡಿಸಿ ಎನ್ನುತ್ತಾರೆ, ಕನ್ನಡದವರು ಸಂಧಿ ಬಿಡಿಸಿ ಎನ್ನುತ್ತಾರೆ. ಮನೆಗೆ ಬಂದರೆ ಅವರೆಕಾಯಿ ಬಿಡಿಸು ಎಂದು ಅಮ್ಮ ಮೊರ ಮುಂದಿಡುತ್ತಿದ್ದಳು. ಅಡವಿಟ್ಟ ಸರ ಬಿಡಿಸಲು ಅಪ್ಪ ಈರುಳ್ಳಿ ರೇಟು ಕೇಳಿಕೊಂಡು ಓಡಾಡುತ್ತಿದ್ದರು. ಆ ವರ್ಷ ರೇಟು ಬರಲಿಲ್ಲ. ಸರ ಬಿಡಿಸಲಾಗಲಿಲ್ಲ. ಪಕ್ಕದ ಬೆಂಚಿನವಳನ್ನು ಅವರಪ್ಪ ಸ್ಕೂಲು ಬಿಡಿಸಿದರು. ಆ ಪ್ರಶ್ನೆಗೆ ನಾಲ್ಕಕ್ಕೆ ನಾಲ್ಕು ತೆಗೆದವಳು ಅವಳು.

ಈಗ ಕಡೂರಿನ ಕಡೆ ನಾನೇ ಕನ್ನಡ ಟೀಚರು. ಪ್ರಶ್ನೆಪತ್ರಿಕೆಗಳನ್ನು ಓದಿದರೆ ಮೈ ಉರಿಯುತ್ತದೆ. ‘ವಿವರಿಸಿ’ ಎಂದು ಕೇಳಿ ಬರೆಯಲು ಎರಡೇ ಗೆರೆ ಬಿಟ್ಟಿರುತ್ತಾರೆ. ‘ಈ ಹೇಳಿಕೆಯನ್ನು ಸಮರ್ಥಿಸಿ’ ಎನ್ನುತ್ತಾರೆ; ಒಪ್ಪದ ಹುಡುಗ ಎಲ್ಲಿಗೆ ಹೋಗಬೇಕು? ‘ಸ್ವಾರಸ್ಯ ವಿವರಿಸಿ’ ಎಂದರೆ ಮಕ್ಕಳು ಎಲ್ಲದಕ್ಕೂ ‘ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಬರೆದು ಪಾರಾಗುತ್ತಾರೆ. ನಾವೂ ಅಂಕ ಹಾಕುತ್ತೇವೆ.

ಈ ಸಲ ಎಂಟನೇ ತರಗತಿಯ ಪ್ರಶ್ನೆಪತ್ರಿಕೆ ತೆಗೆಯುವ ಸರದಿ ನನ್ನದು. ‘ವಿಗ್ರಹಿಸಿ’ ಎಂದು ಬರೆದು ಹೊಡೆದುಹಾಕಿದೆ. ‘ಬಿಡಿಸಿ ಬರೆಯಿರಿ’ ಎಂದು ತಿದ್ದಿದೆ. ಕೈಮುಗಿದು ನಿಂತ ಎರಡು ಜಡೆಯವಳು ನೆನಪಾಗಿ ಅದನ್ನೂ ಹೊಡೆದೆ. ಕೊನೆಗೆ ಮೊದಲನೆಯದಕ್ಕೆ ಮಾದರಿಯೆಂದು ನಾನೇ ಉತ್ತರ ಬರೆದುಕೊಟ್ಟಿದ್ದೇನೆ: ಮುಕ್ಕಣ್ಣ = ಮೂರು ಕಣ್ಣು ಉಳ್ಳವನು. ಉಳಿದ ಮೂರಕ್ಕೆ ಮೂರು ಅಂಕ.