ಊಟದ ವ್ಯವಸ್ಥೆ ಇದೆಯಾ?

ಮೈಸೂರಿನ ನಮ್ಮ ಚಾರಣ ಬಳಗಕ್ಕೆ ಯಾರಾದರೂ ಹೊಸದಾಗಿ ಸೇರಿದರೆ ಕಾರ್ಯದರ್ಶಿಗಳು ಕೇಳುವುದು, ‘ಎಷ್ಟು ದೂರ ನಡೀತೀರಿ?’ ಹೊಸಬರು ಕೇಳುವುದು, ‘ಊಟದ ವ್ಯವಸ್ಥೆ ಇದೆಯಾ?’ ಇಬ್ಬರಲ್ಲಿ ಚಾರಣದ ಇತಿಹಾಸ ಬಲ್ಲವರು ಹೊಸಬರೇ ಎಂಬುದು ನನ್ನ ವಾದ.

ಇದೆಲ್ಲ ಶುರುವಾದದ್ದೇ ಒಂದು ಸೂರು ಹುಡುಕುವ ಗಡಿಬಿಡಿಯಲ್ಲಿ. 1909ರ ಆಗಸ್ಟ್‌ನಲ್ಲಿ ಜರ್ಮನಿಯ ಆಲ್ಟೆನಾ ಊರಿನ ರಿಚರ್ಡ್ ಶಿರ್‌ಮಾನ್ ಎಂಬ ಮೇಷ್ಟ್ರು ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ದೂರದ ಕಾಲ್ನಡಿಗೆಗೆ ಹೊರಟಿದ್ದರು. ದಾರಿಯಲ್ಲಿ ಗುಡುಗು ಮಿಂಚಿನ ಮಳೆ ಹಿಡಿಯಿತು. ರಾತ್ರಿ ಕಳೆಯಲು ಸಿಕ್ಕಿದ್ದು ಒಂದು ಹಳ್ಳಿ ಶಾಲೆ. ರೈತನೊಬ್ಬ ಹಾಸಿಕೊಳ್ಳಲು ಹುಲ್ಲು, ಕುಡಿಯಲು ಹಾಲು ಕೊಟ್ಟ. ಮಕ್ಕಳು ಗೊರಕೆ ಹೊಡೆದರು, ಮೇಷ್ಟ್ರಿಗೆ ನಿದ್ದೆ ಹತ್ತಲಿಲ್ಲ. ರಜೆಯಲ್ಲಿ ಬಾಗಿಲು ಹಾಕಿಕೊಂಡಿರುವ ಶಾಲೆಗಳೆಲ್ಲ ನಡೆದು ಬರುವ ಮಕ್ಕಳಿಗೆ ತಂಗುದಾಣವಾದರೆ ಎಷ್ಟು ಚೆನ್ನ ಎಂದು ಯೋಚಿಸುತ್ತಾ ಮಲಗಿದರು. 1912ರಲ್ಲಿ ಆಲ್ಟೆನಾದ ಕೋಟೆಯೊಳಗೇ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಅದಕ್ಕೂ ಮೊದಲೇ, 1857ರಲ್ಲಿ, ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತ್ತು, ನಿಜ. ಆದರೆ ಅವರದು ಶಿಖರದ ಕುಲ. ನಾವು ಹುಲ್ಲು-ಹಾಲಿನ ಕುಲದವರು.

ನಮ್ಮ ಅಭ್ಯಾಸವೆಲ್ಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳ ಮೇಲೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಈ ಮೆಟ್ಟಿಲು ಮಾಡಿಸುವಾಗ ನಮ್ಮ ಖಜಾಂಚಿಗಳ ಮಂಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಾರಿ ಮಧ್ಯೆ ನಂದಿಯೇ ಕೂತುಬಿಟ್ಟಿದ್ದಾನೆ, ನಾವು ಕೂತರೆ ತಪ್ಪೇನು ಎಂದು ಅವರು ಪ್ರತಿ ಭಾನುವಾರ ಕೇಳುತ್ತಾರೆ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲರೂ ಪಕ್ಕದಲ್ಲೇ ಕೂರುತ್ತಾರೆ.

ಹುಲ್ಲು-ಹಾಲಿನ ಕುಲಕ್ಕೆ ನಿಜವಾದ ತೀರ್ಥಕ್ಷೇತ್ರ ಕುಮಾರ ಪರ್ವತದ ಹಾದಿಯಲ್ಲಿದೆ. ಬೆಟ್ಟದ ಎತ್ತರ 1,712 ಮೀಟರ್ ಎಂದು ಪುಸ್ತಕದಲ್ಲಿರುತ್ತದೆ. ನಮ್ಮವರು ಅದನ್ನು ಅಳೆಯುವುದು ಮಾತ್ರ ಕುಕ್ಕೆಯಿಂದ ಗಿರಿಗದ್ದೆಯ ಭಟ್ಟರ ಮನೆಗೆ ಎಷ್ಟು ಹೊತ್ತು ಎಂಬುದರಿಂದ. ‘ಸಾರ್, ಇನ್ನೆಷ್ಟು ದೂರ?’ ‘ಇನ್ನೇನು ಬಂತಮ್ಮ, ಆ ತಿರುವಿನಾಚೆ.’ ಕಾರ್ಯದರ್ಶಿಗಳ ಈ ತಿರುವು ಕಾಡಿನುದ್ದಕ್ಕೂ ನಮ್ಮ ಮುಂದೆ ಮುಂದೆ ನಡೆಯುತ್ತದೆ. ಇಂಬಳಗಳಿಗೆ ಉಪ್ಪು, ನಶ್ಯ, ಸುಣ್ಣವೆಂದು ತಲೆಗೊಂದು ಮದ್ದು ತಂದಿರುತ್ತೇವೆ. ಅವು ಮೂರನ್ನೂ ತಪ್ಪಿಸಿ ಕಾಲ್ಬೆರಳ ಸಂದಿ ಹುಡುಕುತ್ತವೆ. ಕೊನೆಗೂ ಭಟ್ಟರ ಅಂಗಳ ಕಂಡು, ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಹೊಟ್ಟೆಗಿಳಿದ ಮೇಲೆ ಬಳಗದ ಅರ್ಧದಷ್ಟು ಜನಕ್ಕೆ ವೈರಾಗ್ಯ ಬರುತ್ತದೆ. ಶಿಖರ ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ ಎನ್ನುತ್ತಾರೆ.

2024ರ ಜನವರಿಯಲ್ಲಿ ಅದೇ ಹಾದಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಂತ ಜನಸಾಗರದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಸರ್ಕಾರ ತಡೆಹಿಡಿಯಿತು. ಬೆಟ್ಟದ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಅಷ್ಟು ಜನ ಎಸೆಯುವ ಬಾಟಲಿಗಳನ್ನು ಯಾವ ಪರ್ವತವೂ ಹೊರಲಾರದು. ಆದರೆ ಈಗ ಮೊದಲ ಏರು ಕಂಪ್ಯೂಟರಿನಲ್ಲೇ. ಒಟಿಪಿ ಬರುವ ಹೊತ್ತಿಗೆ ಸಮಯ ಮೀರಿರುತ್ತದೆ, ಸಮಯವಿದ್ದಾಗ ಒಟಿಪಿ ಬರುವುದಿಲ್ಲ. ಖಜಾಂಚಿಗಳು ಕುರ್ಚಿಯಲ್ಲಿ ಕೂತೇ ಬೆವರುತ್ತಾರೆ.

ನಮ್ಮಲ್ಲಿ ಹಲವರು ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಸದಸ್ಯರೂ ಹೌದು. ಯೂತ್ ಎಂಬುದು ಹೆಸರಿನಲ್ಲಷ್ಟೆ, ಪಿಂಚಣಿದಾರರಿಗೂ ಬಾಗಿಲು ತೆರೆದಿದೆ. ಮೇ ತಿಂಗಳು ಬಂತೆಂದರೆ ಹಿಮಾಚಲದ ಕಸೋಲ್ ಶಿಬಿರಕ್ಕೆ, ಅಲ್ಲಿಂದ ಸುಮಾರು 13,800 ಅಡಿಯ ಸರ್ ಪಾಸ್‌ಗೆ ಒಂದು ತಂಡ ಹೊರಡುತ್ತದೆ. ಉಣ್ಣೆ ಟೋಪಿ ಮರೆತರೂ ಪುಳಿಯೋಗರೆ ಗೊಜ್ಜು ಮರೆಯುವುದಿಲ್ಲ. ಎತ್ತರ ಏರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ, ಚಟ್ನಿಪುಡಿಯ ಬೆಲೆ ಏರುತ್ತದೆ. ಒಂದು ಚಮಚಕ್ಕೆ ಗುಜರಾತಿನವರು ಎರಡು ಥೇಪ್ಲಾ ಕೊಟ್ಟದ್ದುಂಟು. ರಾತ್ರಿ ಕ್ಯಾಂಪ್‌ಫೈರ್. ಕಾಡು ಉಳಿಯಲೆಂದು ಸೌದೆಗೆ ಬೆಂಕಿ ಹಚ್ಚದೆ ನಡುವೆ ಬಲ್ಬು ಉರಿಸುತ್ತಾರೆ. ಆ ಬಲ್ಬಿನ ಕಡೆಗೆ ನಮ್ಮವರು ಅಂಗೈ ಚಾಚಿ, ‘ಹಾ, ಈಗ ಪರವಾಗಿಲ್ಲ’ ಎನ್ನುವುದನ್ನು ನಾನೇ ಕಂಡಿದ್ದೇನೆ. ಒಂದೊಂದು ರಾಜ್ಯದವರೂ ಹಾಡಬೇಕು. ಕನ್ನಡದ ಸರದಿ ಬಂದಾಗ ಎರಡನೇ ಚರಣ ಯಾರಿಗೂ ಬಾರದೆ, ಮೊದಲನೆಯದನ್ನೇ ಮೂರು ರಾಗದಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸುತ್ತೇವೆ. ಪಾಸ್ ದಾಟಿದ ಮೇಲೆ ಹಿಮದ ಇಳಿಜಾರಿನಲ್ಲಿ ಕೂತು ಜಾರುವುದೇ ದಾರಿ. ‘ಪ್ಯಾಂಟು ಹರಿದುಕೊಂಡರೆ ನೋಡು’ ಎಂದು ಮಕ್ಕಳನ್ನು ಗದರಿಸುತ್ತಲೇ ನಿವೃತ್ತರಾದ ಹೆಡ್ಮಾಸ್ಟರೊಬ್ಬರು ಅಲ್ಲಿ ಕೂಗುತ್ತಾ ಜಾರಿ ಹೋದದ್ದು ಬಳಗದ ಚರಿತ್ರೆಯಲ್ಲಿ ದಾಖಲಾಗಿದೆ.

ಮುಂದಿನ ಕಾರ್ಯಕ್ರಮ ಮುಳ್ಳಯ್ಯನಗಿರಿ. ರಾಜ್ಯದ ಅತಿ ಎತ್ತರದ ಶಿಖರ, ಸರ್ಪದಾರಿಯಲ್ಲೇ ಹತ್ತಬೇಕು ಎಂದು ಕಾರ್ಯದರ್ಶಿಗಳು ಸಭೆಯಲ್ಲಿ ಗುಡುಗಿದರು. ರಸ್ತೆ ಹೆಚ್ಚುಕಡಿಮೆ ತುದಿಯವರೆಗೂ ಇದೆಯಲ್ಲ ಎಂದು ಯಾರೋ ಮೆಲ್ಲಗೆ ನೆನಪಿಸಿದರು. ಬಿಸಿ ಚರ್ಚೆಯ ನಂತರ ಒಂದು ರಾಜಿ ಸೂತ್ರ ಹೊರಬಿತ್ತು: ಕೆಲವರು ಜೀಪಿನಲ್ಲಿ ಮೊದಲೇ ಮೇಲೆ ಹೋಗಿ, ನಡೆದು ಬರುವವರನ್ನು ಸ್ವಾಗತಿಸುವುದು. ಸ್ವಾಗತ ಸಮಿತಿ ಆಗಲೇ ಭರ್ತಿಯಾಗಿದೆ. ನಡೆದು ಬರುವವರ ಪಟ್ಟಿಯಲ್ಲಿ ಸದ್ಯಕ್ಕೆ ಕಾರ್ಯದರ್ಶಿಗಳೊಬ್ಬರೇ.