ಕೇರೆ ಹಾವೂ ನನ್ನ ರೇಡಿಯೊ ಭಾಷಣವೂ

ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹಕ್ಕೆ ಹಾಸನ ಆಕಾಶವಾಣಿಯಲ್ಲಿ ಹತ್ತು ನಿಮಿಷ ಮಾತಾಡುವ ಅವಕಾಶ ಸಿಕ್ಕಿತು ಎಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಜಿರಲೆ ಕಂಡರೆ ಮಂಚ ಹತ್ತುವ ಮನುಷ್ಯ ಕಾಡುಪ್ರಾಣಿಗಳ ಪರ ವಕಾಲತ್ತು ವಹಿಸುವುದೆಂದರೆ!

ಮೊದಲು ಆನೆಯ ಬಗ್ಗೆ ಹೇಳೋಣವೆಂದುಕೊಂಡೆ. ಆದರೆ ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಸೆಣಸಿ ಪ್ರಾಣಬಿಟ್ಟದ್ದು ನಮ್ಮ ಸಕಲೇಶಪುರದ ಕಡೆಯೇ. ತೋಟಕ್ಕೆ ಹೋದವರು ಸಂಜೆ ಮನೆಗೆ ಬಂದರೆ ಬಂದರು ಎನ್ನುವಂಥ ಜನಕ್ಕೆ ಹಾಸನದಲ್ಲಿ ಫ್ಯಾನಿನ ಕೆಳಗೆ ಕೂತವನು ಬುದ್ಧಿ ಹೇಳಬಾರದು. ಹಾಗಾಗಿ ಕೇರೆ ಹಾವನ್ನು ಹಿಡಿದೆ. ವಿಷಯವಾಗಿ ಹಿಡಿದೆ ಅಂತ, ಕೈಯಲ್ಲಲ್ಲ.

ಬರೆದಿಟ್ಟ ಎರಡನೇ ಹಾಳೆಯ ಮೂಲೆಯನ್ನು ರಾತ್ರಿ ಇಲಿ ತಿಂದುಹಾಕಿತ್ತು. ಇಲಿಗಳನ್ನು ಹದ್ದುಬಸ್ತಿನಲ್ಲಿಡುವುದೇ ಹಾವು ಎಂಬ ಸಾಲು ಅರ್ಧ ಮಾಯ. ಸ್ಟುಡಿಯೋದಲ್ಲಿ ಹಾಳೆ ಸರ್ ಎಂದರೂ ಮೈಕು ಕೇಳಿಸಿಕೊಳ್ಳುತ್ತದೆ. ಉಸಿರು ಬಿಗಿಹಿಡಿದು, ಇಲಿ ತಿಂದದ್ದನ್ನು ಊಹಿಸಿಕೊಂಡು ಓದಿದೆ: "ಕೇರೆಗೆ ವಿಷವಿಲ್ಲ. ಉದ್ದ ನೋಡಿ ನಾಗರವೆಂದು ಬಡಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂದರೆ ಅಪರಾಧ. ದೂರ ಸರಿದು ನಿಲ್ಲಿ, ತಾನಾಗಿ ಹೋಗುತ್ತದೆ."

ಪ್ರಸಾರದ ದಿನ 102.2ಕ್ಕೆ ರೇಡಿಯೊ ತಿರುಗಿಸಿಡಿ ಎಂದು ಮೂರು ಊರಿಗೆ ಫೋನ್ ಮಾಡಿದ್ದೆ. ಚನ್ನರಾಯಪಟ್ಟಣದ ಅಕ್ಕ, "ನೆಗಡಿಯೇನೋ? ಮೆಣಸಿನ ಕಷಾಯ ಕುಡಿ" ಎಂದಳು. ಅರಕಲಗೂಡಿನ ಷಡ್ಡಕ, "ಚೆನ್ನಾಗಿತ್ತು, ಎಷ್ಟು ಕೊಟ್ಟರು?" ಎಂದ. ಕಿವಿಗೊಟ್ಟು ಕೇಳಿದ್ದು ಹೊಳೆನರಸೀಪುರದ ಅತ್ತೆ ಒಬ್ಬರೇ.

"ಅಳಿಯಂದ್ರೇ, ನಮ್ಮ ಸೌದೆ ಕೊಟ್ಟಿಗೇಲಿ ಒಂದು ಕೇರೆ ಅದೆ. ಆಳು ದೊಣ್ಣೆ ತಗೊಂಡಿದ್ದ, ಬೇಡ ಅಂದೆ. ದೀಪಾವಳಿಗೆ ಬಂದಾಗ ನೋಡೀರಂತೆ."

ನೋಡಿದೆ. ಎಣ್ಣೆಸ್ನಾನದ ದಿನ ತಲೆಯಿಂದ ಕಾಲವರೆಗೆ ಹರಳೆಣ್ಣೆ ಮೆತ್ತಿಸಿಕೊಂಡು, ಟವೆಲು ಸುತ್ತಿಕೊಂಡು ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ಹಂಡೆಯ ಪಕ್ಕದ ಸೌದೆ ಅಲುಗಿತು. ಸೌದೆಯೊಂದು ನಿಧಾನಕ್ಕೆ ತಲೆ ಎತ್ತಿತು. ಮರುಕ್ಷಣ ನಾನು ಬೀದಿಯಲ್ಲಿದ್ದೆ. ಟವೆಲು ಜೊತೆಗಿತ್ತೋ ಇಲ್ಲವೋ, ಅದು ನಮ್ಮ ಮನೆಯೊಳಗಿನ ವಿಷಯ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ದೂರ ಸರಿದು ನಿಲ್ಲಿ ಅಂದ್ರೆ ಇಷ್ಟು ದೂರಾನೇನ್ರೀ?"

ಅತ್ತೆ ಮೋರಿಗೆ ಅಡ್ಡವಿದ್ದ ಕೊಡ ಸರಿಸಿ, "ಹೋಗಪ್ಪ, ಹೋಗು" ಎಂದರು. ಹಾವು ಹೋಯಿತು. ಆ ಮಾತು ಯಾರಿಗೆ ಹೇಳಿದ್ದೆಂದು ನಾನು ವಿಚಾರಿಸಲು ಹೋಗಲಿಲ್ಲ.

ಕೇರೆ ಈಗಲೂ ಅದೇ ಕೊಟ್ಟಿಗೆಯಲ್ಲಿದೆ. ರಾಗಿ ಚೀಲಕ್ಕೆ ಇಲಿ ಬಾಯಿ ಹಾಕುವುದು ಕಡಿಮೆಯಾಗಿದೆಯಂತೆ. ನಿಮ್ಮ ಮನೆ ಹತ್ತಿರ ಕಂಡರೂ ದಯವಿಟ್ಟು ಬಡಿಯಬೇಡಿ. ನನ್ನನ್ನು ಮಾತ್ರ ಕರೆಯಬೇಡಿ.